ಸರದಿ ಮಾರುವವರು

2023ರ ಸೆಪ್ಟೆಂಬರ್ 28ರಂದು ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ವಸ್ತುಸಂಗ್ರಹಾಲಯ ಪೊಕೆಮಾನ್ ಕಂಪನಿಯ ಜೊತೆಗೂಡಿ ಒಂದು ಪ್ರದರ್ಶನ ಏರ್ಪಡಿಸಿತು. ಗೋಡೆಯ ಚಿತ್ರಗಳನ್ನು ನೋಡುತ್ತ ಚಟುವಟಿಕೆ ಹಾಳೆಯನ್ನು ಪೂರ್ತಿ ಮಾಡಿದವರಿಗೆ, ಬೂದು ಟೋಪಿ ತೊಟ್ಟ ಪಿಕಾಚುವಿನ ಕಾರ್ಡು ಉಚಿತ. ಎಳೆಯರಿಗೆ ವ್ಯಾನ್ ಗೋನ ಪರಿಚಯವಾಗಲಿ ಎಂಬುದು ಉದ್ದೇಶ. ಆದರೆ ಮೊದಲ ದಿನವೇ ಮಳಿಗೆಯ ಪೊಕೆಮಾನ್ ಸರಕು ಖಾಲಿಯಾಯಿತು; ಉಚಿತ ಕಾರ್ಡು ಇಬೇಯಲ್ಲಿ ನೂರಾರು ಡಾಲರಿಗೆ ಬಿಕರಿಗೆ ಬಂತು. ನೂಕುನುಗ್ಗಲಿಗೆ ಹೆದರಿ ಸಂಗ್ರಹಾಲಯ ಅಕ್ಟೋಬರಿನಲ್ಲಿ ಕಾರ್ಡು ಕೊಡುವುದನ್ನೇ ನಿಲ್ಲಿಸಿತು.

ಮಾರಿದವರ ತಪ್ಪೇನು? ಅವರು ಕದ್ದ ಮಾಲನ್ನೇನೂ ಮಾರಲಿಲ್ಲ, ಕೊಂಡವರನ್ನು ಬಲವಂತ ಮಾಡಲಿಲ್ಲ. ಅಕ್ಕಿಯೋ ಔಷಧಿಯೋ ಆಗಿದ್ದರೆ ಮಾತು ಬೇರೆ; ಕಾರ್ಡು ಸಿಗದೆ ಯಾರೂ ಉಪವಾಸ ಬೀಳುವುದಿಲ್ಲ. ದುರಾಸೆ ಎಂದು ಬಯ್ದರೂ ವಾದ ಗೆಲ್ಲುವುದಿಲ್ಲ, ಏಕೆಂದರೆ ಲಾಭದ ಆಸೆಯಿಲ್ಲದೆ ಯಾವ ಅಂಗಡಿಯೂ ಬಾಗಿಲು ತೆರೆಯುವುದಿಲ್ಲ.

ಲಾಭ ನ್ಯಾಯವೆನಿಸುವುದು ವ್ಯಾಪಾರಿ ಏನನ್ನಾದರೂ ಕೂಡಿಸಿದಾಗ. 1948ರ ಆಗಸ್ಟ್ 15ರಂದು ಬಂದ ಗಾಂಧಿ ಅಂಚೆಚೀಟಿಗಳಲ್ಲಿ ಹತ್ತು ರೂಪಾಯಿಯದನ್ನು ಕೊಂಡು, ತೇವಕ್ಕೂ ಹುಳುವಿಗೂ ಸಿಗದಂತೆ ದಶಕಗಟ್ಟಲೆ ಕಾಪಾಡಿದವರು ಇಂದು ಒಳ್ಳೆಯ ಬೆಲೆಗೆ ಮಾರಿದರೆ ತಕರಾರೇಕೆ? ಅದನ್ನು ಅಪರೂಪ ಮಾಡಿದ್ದು ಕಾಲ. ಉಳಿಸಿದ್ದು ಅವರ ಆರೈಕೆ. ಬೆಳಿಗ್ಗೆ ಹತ್ತು ಕೈಗಳಿಂದ ಬಾಚಿಕೊಂಡು ಸಂಜೆಗೆ ಮಾರುವವನು ಕೂಡಿಸುವುದು ಏನನ್ನು? ಚಿತ್ರಮಂದಿರದ ಮುಂದೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುವವನಂತೆ, ತನ್ನಿಂದಲೇ ಹೆಚ್ಚಿದ ಅಭಾವಕ್ಕೆ ಅವನು ದುಡ್ಡು ಕೇಳುತ್ತಾನೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಸರದಿಯೂ ನ್ಯಾಯದ ತಕ್ಕಡಿಯಲ್ಲ. ಅದು ಬಿಡುವಿದ್ದವರ, ಹತ್ತಿರ ಇದ್ದವರ ಪರ. ರಾತ್ರಿ ಪಾಳಿ ಮುಗಿಸಿದ ನರ್ಸ್ ನಸುಕಿಗೇ ಬಂದು ನಿಲ್ಲಲಾರಳು. ಅವಳಿಗೆ ತಂದುಕೊಡುವವನು ಉಪಕಾರಿಯೇ ಅಲ್ಲವೇ? ಹೌದು, ನಿಂತ ಹೊತ್ತಿಗೆ ಕೂಲಿ ಕೇಳಿದರೆ. ಆದರೆ ಮರುಮಾರಾಟದ ಬೆಲೆ ಅವನ ಶ್ರಮವನ್ನು ಅಳೆಯುವುದಿಲ್ಲ. ಕೊಳ್ಳುವವಳ ಹಂಬಲವನ್ನು ಅಳೆಯುತ್ತದೆ. ಹೆಚ್ಚು ಕೊಟ್ಟವರಿಗೇ ಹೆಚ್ಚು ಪ್ರೀತಿ ಎಂಬುದೂ ಪೊಳ್ಳು: ಹುಡುಗನ ಜೇಬಿನ ಹಣ ಅವನ ಆಸೆಯ ಲೆಕ್ಕ ಕೊಡುವುದಿಲ್ಲ.

ಸರದಿಯ ನೀತಿ ಬೇರೆ, ಮಾರುಕಟ್ಟೆಯ ನೀತಿ ಬೇರೆ ಎಂದು ಅಮೆರಿಕದ ತತ್ತ್ವಜ್ಞ ಮೈಕೆಲ್ ಸ್ಯಾಂಡೆಲ್ 2012ರ ಪುಸ್ತಕವೊಂದರಲ್ಲಿ ಚರ್ಚಿಸಿದ್ದಾರೆ. ನನ್ನ ಮಟ್ಟಿಗೆ ಪ್ರಶ್ನೆ ಇನ್ನೂ ಸರಳ: ಕೊಟ್ಟವರು ಯಾವ ನಿಯಮದಡಿ ಕೊಟ್ಟರು? ಆ ಕಾರ್ಡಿಗೆ ಬೆಲೆಯೇ ಇರಲಿಲ್ಲ ಎನ್ನಲಾಗದು. ಚಿತ್ರದ ಮುಂದೆ ನಿಂತು ನೋಡುವುದೇ ಅದರ ಬೆಲೆ. ನೋಡುವ ನಟನೆ ಮಾಡಿ ಕಾರ್ಡುಗಳನ್ನು ಗುಡ್ಡೆ ಹಾಕಿದವನು ಆ ಬೆಲೆಯನ್ನು ತೆರಲಿಲ್ಲ. ನೋಡಲು ಬರುತ್ತಿದ್ದ ಮಗುವಿನ ಪಾಲನ್ನೂ ಕಿತ್ತುಕೊಂಡ.

ಆದರೆ ನಿಯಮವೇ ನಾಟಕವಾಗಿದ್ದರೆ? 2022ರ ಮಾರ್ಚ್ 26ರಂದು ಸ್ವಾಚ್ ಕಂಪನಿ ಒಮೆಗಾ ಜೊತೆಗೂಡಿ ‘ಮೂನ್‌ಸ್ವಾಚ್’ ಕೈಗಡಿಯಾರ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಆಗಿನ ಬೆಲೆ 260 ಡಾಲರ್. ಇದು ಸೀಮಿತ ಆವೃತ್ತಿಯಲ್ಲ ಎಂದು ಕಂಪನಿಯೇ ಹೇಳಿದರೂ, ಮಾರಿದ್ದು ಆಯ್ದ ಅಂಗಡಿಗಳಲ್ಲಿ ಮಾತ್ರ. ಜನ ಮುಗಿಬಿದ್ದರು, ಲಂಡನ್ನಿನಲ್ಲಿ ಅಂಗಡಿ ಮುಚ್ಚಬೇಕಾಯಿತು, ಗಡಿಯಾರ ಹಲವು ಪಟ್ಟು ಬೆಲೆಗೆ ಕೈ ಬದಲಾಯಿಸಿತು. ಇಲ್ಲಿ ಆ ಗದ್ದಲವೇ ಪುಕ್ಕಟೆ ಜಾಹೀರಾತು. ಇಂಥ ಕಡೆ ಮರುಮಾರಾಟಗಾರನನ್ನು ಮಾತ್ರ ಬಯ್ಯುವುದು, ಜೂಜಿನ ಅಡ್ಡೆಯ ಯಜಮಾನನನ್ನು ಬಿಟ್ಟು ಗೆದ್ದವನನ್ನು ಹಿಡಿದಂತೆ. ಅಭಿಮಾನಿಗಳ ಮೇಲಿನ ಕಾಳಜಿ ನಿಜವಾಗಿದ್ದರೆ, ಒಂದು ವಾರ ಬೇಡಿಕೆ ಪಡೆದು ಬಂದಷ್ಟನ್ನೂ ತಯಾರಿಸಿಕೊಡುವ ದಾರಿ ಯಾವ ಕಂಪನಿಗೂ ತೆರೆದೇ ಇರುತ್ತದೆ.

ಹಾಗೆಂದು ಕಂಪನಿಯ ಆಟ ಮರುಮಾರಾಟಗಾರನ ಕೈ ತೊಳೆಯುವುದಿಲ್ಲ. ತಾನು ಇಟ್ಟುಕೊಳ್ಳಲೆಂದು ಒಂದನ್ನು ಕೊಂಡು, ಮನಸ್ಸು ಬದಲಾಗಿ ಮಾರಿದವನಿಗೆ ಸಂಕೋಚ ಬೇಕಿಲ್ಲ. ತಲೆಗೊಂದು ಎಂಬ ನಿಯಮವನ್ನು ಬಾಟ್‌ಗಳಿಂದಲೋ ಬಾಡಿಗೆಯ ತಲೆಗಳಿಂದಲೋ ಮುರಿದವನಿಗೆ ಬೇಕು. ಕೊಳ್ಳುವವರೂ ಹೊರಗಿನವರಲ್ಲ: ನಾವು ಕೊಡುವ ಒಂದೊಂದು ಹೆಚ್ಚುವರಿ ಬೆಲೆಯೂ ಮುಂದಿನ ಸಾಲಿನಲ್ಲಿ ಇನ್ನೊಬ್ಬ ದಲ್ಲಾಳಿಯನ್ನು ನಿಲ್ಲಿಸುತ್ತದೆ. ಕಾನೂನು ತಡೆಯದಿದ್ದರೂ, ಕೊಳ್ಳದಿರುವ ಸ್ವಾತಂತ್ರ್ಯ ನಮ್ಮದೇ. ಬೇಕೇಬೇಕಾದ ವಸ್ತುವಲ್ಲವಾದ್ದರಿಂದ ಆ ಸ್ವಾತಂತ್ರ್ಯವನ್ನು ಬಳಸುವುದು ಇಲ್ಲಿ ಸುಲಭ ಕೂಡ.