ಬಿಸಿಲನ್ನು ಕೆಲಸಕ್ಕೆ ಹಚ್ಚುವ ಸುಖ

ಬೇಸಿಗೆ ಬಂತೆಂದರೆ ನಮ್ಮ ಮಾತುಕತೆಯೆಲ್ಲ ಅದರಿಂದ ತಪ್ಪಿಸಿಕೊಳ್ಳುವ ದಾರಿಯ ಸುತ್ತಲೇ ತಿರುಗುತ್ತದೆ. ಕೈಯಲ್ಲಿ ಕಾಸಿದ್ದವರು ಮಡಿಕೇರಿಗೋ ಕೆಮ್ಮಣ್ಣುಗುಂಡಿಗೋ ಹೋಗುವ ಲೆಕ್ಕ ಹಾಕುತ್ತಾರೆ. ಇಲ್ಲದವರು ಫ್ಯಾನಿನ ಕೆಳಗೆ ಕೂತು ಮಳೆಗೆ ಇನ್ನೆಷ್ಟು ದಿನ ಎಂದು ಎಣಿಸುತ್ತಾರೆ. ಮಾರ್ಚಿನಿಂದ ಮೇ ಕೊನೆಯವರೆಗಿನ ಮೂರು ತಿಂಗಳು, ಅಂದರೆ ಆಯುಷ್ಯದ ಕಾಲು ಭಾಗ, ಹೇಗೋ ಕಳೆದರೆ ಸಾಕು ಎಂಬ ಖಾತೆಗೆ ಸೇರಿಹೋಗುತ್ತದೆ. ಎಲ್ಲಿಗೂ ಹೋಗದೆ, ವಿಶೇಷವಾದ ಏನನ್ನೂ ಕೊಳ್ಳದೆ ಇದ್ದಲ್ಲೇ ಇರುವವರ ಸಾಧಾರಣ ಬೇಸಿಗೆಯ ದಿನಕ್ಕೆ ಅದರದೇ ಆದ ಸುಖ ಉಂಟೇ? ಉಂಟು ಎಂಬುದು ನನ್ನ ವಾದ. ಆ ಸುಖ ಸಿಗುವುದು ಕೈಯಾರೆ ಏನನ್ನಾದರೂ ಮಾಡುವುದರಲ್ಲಿ. ಅದರಲ್ಲೂ ಈ ಕಾಲದಲ್ಲಿ ಮಾತ್ರ ಮಾಡಲು ಬರುವಂಥದ್ದನ್ನು ಮಾಡುವುದರಲ್ಲಿ. ತನ್ನ ಮೇಲೆ ಎರಗಿದ್ದನ್ನು ಸುಮ್ಮನೆ ಸಹಿಸುವ ಬದಲು ಅದಕ್ಕೆ ಉತ್ತರ ಕೊಡಬಲ್ಲೆ ಎಂಬ ಧೈರ್ಯ ಮನುಷ್ಯನಲ್ಲಿ ಬೆಳೆಯುವುದು ಇಂಥ ಚಿಕ್ಕ ಸುಖಗಳಿಂದಲೇ. ಹಾಗಾಗಿ ಇದು ಪುರುಸೊತ್ತಿರುವ ಕೆಲವರ ಹವ್ಯಾಸವಾಗಿ ಉಳಿಯಬಾರದು, ಎಲ್ಲರಿಗೂ ಸಿಗಬೇಕು ಎಂದೂ ನಾನು ನಂಬುತ್ತೇನೆ.

ಬೇಸಿಗೆಯ ಸುಖವೆಂಬುದು ನಮಗೆ ಹೊಸ ವಿಷಯವೇನಲ್ಲ. ಕಾಳಿದಾಸನ ಹೆಸರಿನಲ್ಲಿರುವ ‘ಋತುಸಂಹಾರ’ ಶುರುವಾಗುವುದೇ ಗ್ರೀಷ್ಮದಿಂದ. ಚಂದನದ ಲೇಪ, ಹೂಮಾಲೆ, ನೀರು ಚಿಮ್ಮುವ ಮನೆ, ಬೆಳದಿಂಗಳು ಬಿದ್ದ ಮಹಡಿ ಎಲ್ಲವೂ ಅಲ್ಲಿವೆ. ಆದರೆ ಆ ಸುಖಗಳನ್ನು ಅನುಭವಿಸುವವರು ಮಾತ್ರ ಕಣ್ಣಿಗೆ ಬೀಳುತ್ತಾರೆ; ಚಂದನ ತೇಯ್ದವರು, ಹೂ ಕಟ್ಟಿದವರು ಯಾರೆಂದು ನಾವು ಕೇಳುವುದಿಲ್ಲ. ನಮ್ಮ ಪರಂಪರೆ ಮಾಡುವವರನ್ನು ಪೂರಾ ಮರೆತಿತ್ತೆಂದೂ ಹೇಳಲಾಗದು. ವಾತ್ಸ್ಯಾಯನನು ಪಟ್ಟಿಮಾಡಿದ 64 ಕಲೆಗಳಲ್ಲಿ ಗೀತ, ನೃತ್ಯ, ಚಿತ್ರಗಳ ಸಾಲಿನಲ್ಲೇ ಪಾನಕ ಮಾಡುವುದು, ಮಾಲೆ ಕಟ್ಟುವುದು, ಅಕ್ಕಿ ಮತ್ತು ಹೂವುಗಳಿಂದ ನೆಲದ ಮೇಲೆ ವಿನ್ಯಾಸ ಬಿಡಿಸುವುದು ಕೂಡ ಇವೆ. ಕನ್ನಡದಲ್ಲಿ ಚಾವುಂಡರಾಯನ ‘ಲೋಕೋಪಕಾರ’ ಸುಮಾರು 1025ರಲ್ಲೇ ಅಡುಗೆ, ಸುಗಂಧದ್ರವ್ಯ, ಗಿಡಮರಗಳ ಆರೈಕೆಯಂಥ ನಿತ್ಯದ ಸಂಗತಿಗಳನ್ನು ಶಾಸ್ತ್ರದ ಗೌರವ ಕೊಟ್ಟು ವಿವರಿಸಿತು. 16ನೇ ಶತಮಾನದ ಮಂಗರಸ ಪಾಕಶಾಸ್ತ್ರವನ್ನು ಷಟ್ಪದಿಯಲ್ಲೇ ಬರೆದ. ಹಾಡುವುದಕ್ಕೂ ಪಾನಕ ಬೆರೆಸುವುದಕ್ಕೂ ನಡುವೆ ಇಂದು ನಾವು ಎಳೆದಿರುವ ಗೆರೆ ಇವರ ಕಣ್ಣಿಗೆ ಅಷ್ಟು ದಪ್ಪವಾಗಿ ಕಂಡಿರಲಿಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ಪಾನಕ ಕುಡಿಯುವವರ ಸುಖದಲ್ಲಿ ಇಲ್ಲದ ಯಾವುದು ಪಾನಕ ಮಾಡುವವರ ಸುಖದಲ್ಲಿದೆ?

ಉತ್ತರಕ್ಕೆ ಮನೆಯ ತಾರಸಿಯನ್ನೇ ನೋಡಬಹುದು. ಅಕ್ಕಿಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ, ಇಂಗು, ಜೀರಿಗೆ, ಅರೆದ ಹಸಿಮೆಣಸು ಸೇರಿಸಿ, ಬಟ್ಟೆಯ ಮೇಲೆ ಇಟ್ಟ ಸಂಡಿಗೆ ಒಣಗಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಗರಿಗರಿಯಾಗಿ ಒಣಗಿದ್ದರೆ ಒಳಗೆ ಅಡಗಿರುವ ಚೂರು ನೀರು ಕಾದ ಎಣ್ಣೆಯಲ್ಲಿ ಥಟ್ಟನೆ ಹಬೆಯಾಗಿ ಸಂಡಿಗೆಯನ್ನು ಅರಳಿಸುತ್ತದೆ. ಮಜ್ಜಿಗೆ ಮೆಣಸಿನದು ಇನ್ನೂ ತಾಳ್ಮೆಯ ಕೆಲಸ. ಮೆಣಸಿನಕಾಯನ್ನು ರಾತ್ರಿ ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆಯೆಲ್ಲ ಇಂಗುವ ತನಕ ದಿನಗಟ್ಟಲೆ ನಡೆಸಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಹಲಸಿನ ಹಪ್ಪಳಕ್ಕೆ ಸಿಗುವ ಅವಧಿ ಬಹಳ ಕಿರಿದು: ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು, ಜೂನಿನ ಮಳೆ ಹಿಡಿಯುವ ಮೊದಲೇ ಚಾಪೆಯ ಮೇಲಿನದು ಡಬ್ಬಿ ಸೇರಿರಬೇಕು. ಉತ್ತರ ಕರ್ನಾಟಕದಲ್ಲಿ ಗೋಧಿಯ ಶ್ಯಾವಿಗೆ ಹೊಸೆದು ಕೋಲಿನ ಮೇಲೆ ಒಣಹಾಕುವುದೂ ಈ ಬಿಸಿಲನ್ನೇ ನಂಬಿ. ಇವೆಲ್ಲದರಲ್ಲೂ ಬಿಸಿಲಿನ ಸ್ಥಾನವೇ ಬದಲಾಗಿಬಿಡುತ್ತದೆ. ಮೈಯನ್ನು ಸುಡುತ್ತಿದ್ದದ್ದು ಈಗ ಮನೆಗೆಲಸಕ್ಕೆ ಬಂದ ಆಳು. ಅದು ಎಷ್ಟು ಹೊತ್ತಿಗೆ ತಾರಸಿಯ ಯಾವ ಮೂಲೆಗೆ ಬರುತ್ತದೆ, ಮಧ್ಯಾಹ್ನ ಮೋಡ ಕವಿದರೆ ಏನು ಮಾಡಬೇಕು, ಗಾಳಿ ಯಾವ ಕಡೆಯದು ಎಂಬುದೆಲ್ಲ ಆಸಕ್ತಿಯ ವಿಷಯವಾಗುತ್ತದೆ. ಶಾಖದ ಅಳತೆ ಒಂದು ಡಿಗ್ರಿಯೂ ಇಳಿದಿಲ್ಲ. ಇಳಿದಿರುವುದು ನಮ್ಮ ಅಸಹಾಯಕತೆ.

ಇದನ್ನು ಸೃಜನಶೀಲತೆ ಎನ್ನುವುದು ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಅಜ್ಜಿ ಮಾಡಿದ್ದನ್ನೇ ಅಮ್ಮ, ಅಮ್ಮ ಮಾಡಿದ್ದನ್ನೇ ಮಗಳು ಮಾಡಿದರೆ ಅದರಲ್ಲಿ ಹೊಸದೇನಿದೆ? ಆಕ್ಷೇಪಕ್ಕೆ ತೂಕವಿದೆ. ಆದರೆ ಹಿಂದೆ ಇಲ್ಲದ್ದನ್ನು ಹುಟ್ಟಿಸಿದರೆ ಮಾತ್ರ ಸೃಷ್ಟಿ ಎಂಬ ಅಳತೆಗೋಲನ್ನು ಅದು ಪರೀಕ್ಷಿಸದೆ ಒಪ್ಪಿಕೊಂಡಿದೆ. ಅದೇ ಕೋಲಿನಿಂದ ಅಳೆದರೆ ನೂರಾರು ವರ್ಷದ ಕೃತಿಯನ್ನು ಇಂದು ಹಾಡುವ ಸಂಗೀತಗಾರರನ್ನೂ, ಎಲ್ಲರಿಗೂ ಗೊತ್ತಿರುವ ಪ್ರಸಂಗಕ್ಕೆ ಅರ್ಥ ಹೇಳುವ ಯಕ್ಷಗಾನದ ಕಲಾವಿದರನ್ನೂ ಕಲೆಯಿಂದ ಹೊರಗಿಡಬೇಕಾಗುತ್ತದೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1934ರ ‘ಆರ್ಟ್ ಆ್ಯಸ್ ಎಕ್ಸ್‌ಪೀರಿಯೆನ್ಸ್’ ಗ್ರಂಥದಲ್ಲಿ ಕಲೆಯ ಬೇರನ್ನು ನಿತ್ಯದ ಅನುಭವದಲ್ಲೇ ಹುಡುಕಿದರು. ಮಾಡಿದ್ದರ ಫಲ ಮಾಡುವವರನ್ನು ಮುಟ್ಟಿ, ಅದರಿಂದ ಮುಂದಿನ ಹೆಜ್ಜೆ ತಿದ್ದಿಕೊಂಡು, ಕೊನೆಗೆ ಒಂದು ಪೂರ್ಣತೆಗೆ ತಲುಪುವ ಅನುಭವ ಅವರ ವಿಚಾರದ ನಡುವಿನಲ್ಲಿದೆ. ಸಂಡಿಗೆಯ ಹಿಟ್ಟಿಗೆ ಇದು ಅಕ್ಷರಶಃ ಹೊಂದುತ್ತದೆ. ಈ ವರ್ಷದ ಅಕ್ಕಿ ಹೋದ ವರ್ಷದ್ದಲ್ಲ, ಇಂದಿನ ಬಿಸಿಲು ನಿನ್ನೆಯದಲ್ಲ. ಹಿಟ್ಟು ಕೈಗೆ ಅಂಟಿತೋ, ಬಿಟ್ಟುಕೊಂಡಿತೋ ಎಂದು ನೋಡಿ ಹದವನ್ನು ಆಗಲೇ ನಿರ್ಧರಿಸಬೇಕು. ಯಾವ ಪುಸ್ತಕವೂ ಆ ಕ್ಷಣದಲ್ಲಿ ನೆರವಿಗೆ ಬಾರದು. ಪರಂಪರೆ ಕೊಡುವುದು ಚೌಕಟ್ಟು. ಅದರೊಳಗೆ ಪ್ರತಿ ಸಲವೂ ಹೊಸ ತೀರ್ಮಾನ ಬೇಕು. ಹಾಗೆ ತೀರ್ಮಾನಿಸುವ ಸ್ವಾತಂತ್ರ್ಯದಲ್ಲೇ ಮಾಡುವವರ ಸುಖವಿದೆ.

ಈ ಸುಖ ಆಯಾ ಸ್ಥಳಕ್ಕೆ ಕಟ್ಟುಬಿದ್ದದ್ದು ಎಂಬುದೂ ಗಮನಿಸಬೇಕಾದ ಸಂಗತಿ. ಮಣ್ಣಿನ ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ವಿಜಯಪುರದ ಒಣಹವೆಯಲ್ಲಿ ಈ ಉಪಾಯ ಸೊಗಸಾಗಿ ನಡೆಯುತ್ತದೆ. ಮೊದಲೇ ತೇವ ತುಂಬಿದ ಮಂಗಳೂರಿನ ಗಾಳಿಯಲ್ಲಿ ಅಷ್ಟು ನಡೆಯದು. ಕರಾವಳಿಯವರಿಗೆ ಪುನರ್ಪುಳಿಯ ಶರಬತ್ತು, ಬಯಲುಸೀಮೆಯವರಿಗೆ ರಾಗಿ ಅಂಬಲಿ, ಹಳೆ ಮೈಸೂರಿನ ರಾಮನವಮಿಗೆ ಬೇಲದ ಹಣ್ಣಿನ ಪಾನಕ ಎಂದು ಆಯಾ ಸೀಮೆ ತನ್ನ ಕೈಗೆ ಎಟುಕಿದ್ದರಿಂದಲೇ ಉತ್ತರ ಕಂಡುಕೊಂಡಿದೆ. ಮೈಸೂರು, ಹಡಗಲಿ, ಉಡುಪಿ ಈ ಮೂರು ಊರಿನ ಹೆಸರಿನ ಮಲ್ಲಿಗೆಗಳಿಗೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಸಂಜೆ ಅರಳಲಿರುವ ಆ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟುವವರ ಬೆರಳಿಗೆ ಬಿಗಿ ಎಷ್ಟು, ಸಡಿಲ ಎಷ್ಟು ಎಂಬುದು ಗೊತ್ತಿರುತ್ತದೆ. ಮಕ್ಕಳ ಲೋಕದಲ್ಲಿ ಈ ಜಾಣ್ಮೆ ಇನ್ನೂ ಅಗ್ಗ: ಕಲ್ಲಿಗೆ ತಿಕ್ಕಿದ ಮಾವಿನ ಗೊರಟೆ ಪೀಪಿಯಾಗುತ್ತದೆ, ತೆಂಗಿನ ಗರಿ ಕೈಗಡಿಯಾರವಾಗುತ್ತದೆ, ಸೀಳಿದ ಹುಣಸೆಬೀಜ ಚೌಕಾಬಾರದ ದಾಳವಾಗುತ್ತದೆ. ಎಲ್ಲಿ ಬೇಕಾದರೂ ಒಂದೇ ತೆರನಾಗಿ ಸಿಗುವ ವಸ್ತು ನಮ್ಮನ್ನು ಎಲ್ಲಿಯವರನ್ನಾಗಿಯೂ ಮಾಡುವುದಿಲ್ಲ. ತಾನಿರುವ ನೆಲ, ನೀರು, ಗಾಳಿಯ ಗುಣ ತಿಳಿದು ಮಾಡಿದ ಚಿಕ್ಕ ವಸ್ತುವೂ ಮನುಷ್ಯನನ್ನು ತನ್ನ ಊರಿನ ಪರಿಚಯಸ್ಥನನ್ನಾಗಿ ಮಾಡುತ್ತದೆ.

ಇಲ್ಲಿಯವರೆಗಿನ ಮಾತಿಗೆ ಅತ್ಯಂತ ಗಂಭೀರವಾದ ಆಕ್ಷೇಪ ಹೆಂಗಸರ ಕಡೆಯಿಂದ ಬರಬೇಕು, ಬರುವುದು ನ್ಯಾಯ. ಸುಖವೆಂದು ನಾನು ಬಣ್ಣಿಸಿದ್ದು ಅವರ ಪಾಲಿಗೆ ಬೆನ್ನು ಮುರಿಯುವ ದುಡಿತವಾಗಿತ್ತು. ಒಲೆಯ ಮುಂದಿನ ಕೆಲಸ ಮುಗಿಸಿ ಬಿಸಿಲಿಗೆ ಬಂದು, ವರ್ಷವಿಡೀ ಇಡೀ ಮನೆ ತಿನ್ನುವಷ್ಟು ಹಪ್ಪಳ ಒತ್ತಿ, ಭರಣಿ ತುಂಬದಿದ್ದರೆ ಮಾತನ್ನೂ ಕೇಳಬೇಕಿತ್ತು; ಕೊನೆಗೆ ಹೊಗಳಿಕೆ ಮಾತ್ರ ಮನೆತನದ ಹೆಸರಿಗೆ ಸಲ್ಲುತ್ತಿತ್ತು. ಈ ಸತ್ಯವನ್ನು ಒಪ್ಪದೆ ಮುಂದೆ ಹೋಗುವ ಯಾವ ವಾದವೂ ಸುಳ್ಳು. ಹಲಸಂಗಿ ಗೆಳೆಯರು 1930ರ ದಶಕದ ಆರಂಭದಲ್ಲಿ ಪ್ರಕಟಿಸಿದ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಬೀಸುತ್ತ, ಕುಟ್ಟುತ್ತ ಹೆಂಗಸರು ಕಟ್ಟಿದ ತ್ರಿಪದಿಗಳು ಕನ್ನಡದ ಉತ್ತಮ ಕಾವ್ಯದ ಸಾಲಿನಲ್ಲಿ ನಿಲ್ಲುತ್ತವೆ. ಆದರೆ ಹಾಡು ಹುಟ್ಟಿತೆಂದ ಮಾತ್ರಕ್ಕೆ ಬೀಸುಕಲ್ಲಿನ ಭಾರ ನ್ಯಾಯವಾಗುವುದಿಲ್ಲ. ಆ ಹೆಂಗಸರಿಗೆ ಸೃಜನಶೀಲತೆಯ ಕೊರತೆ ಇರಲಿಲ್ಲ, ಬಿಡುವಿನ ಮತ್ತು ಆಯ್ಕೆಯ ಕೊರತೆ ಇತ್ತು. ಹೀಗಾಗಿ ಒಂದು ಕೆಲಸ ಸುಖವೋ ಜೀತವೋ ಎಂಬುದನ್ನು ಆ ಕೆಲಸದ ಹೆಸರಿನಿಂದ ತೀರ್ಮಾನಿಸಲಾಗದು. ಬೇಡವೆನ್ನುವ ಹಕ್ಕು ಇದೆಯೇ, ಹೇಗೆ ಮಾಡಬೇಕೆಂಬುದರಲ್ಲಿ ಮಾಡುವವರ ಮಾತು ನಡೆಯುತ್ತದೆಯೇ, ಶ್ರಮವೂ ರುಚಿಯೂ ಮೆಚ್ಚುಗೆಯೂ ಸಮನಾಗಿ ಹಂಚಿಕೆಯಾಗುತ್ತವೆಯೇ ಎಂದು ಕೇಳಬೇಕು. ಇದರಿಂದ ಬರುವ ನಿಲುವು ಸ್ಪಷ್ಟ: ಹಪ್ಪಳ ತಿನ್ನುವ ಗಂಡಸರು ಹಪ್ಪಳ ಒತ್ತಲೂ ಕೂರಬೇಕು. ಒತ್ತಲು ಯಾರಿಗೂ ಮನಸ್ಸಿಲ್ಲದ ವರ್ಷ ಭರಣಿ ಖಾಲಿ ಇರುವುದೇ ಸರಿ.

ಇನ್ನೊಂದು ಆಕ್ಷೇಪ ಬಿಸಿಲಿನಲ್ಲೇ ದುಡಿಯುವವರದು. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಆ ಹೊತ್ತಿನಲ್ಲಿ ಕಲ್ಲು ಹೊರುವವರಿಗೆ, ಡಾಂಬರು ಹಾಕುವವರಿಗೆ ಪಾನಕದ ಸೌಂದರ್ಯ ಹೇಳಹೊರಡುವುದು ಕ್ರೌರ್ಯವಲ್ಲವೇ? ಹೇಳಿ ಅಲ್ಲಿಗೇ ಸುಮ್ಮನಾದರೆ ಖಂಡಿತ ಕ್ರೌರ್ಯ. ಉರಿಯುವ ನೆತ್ತಿಗೆ ಮೊದಲು ಬೇಕಾದದ್ದು ನೆರಳು, ನೀರು, ವಿಶ್ರಾಂತಿ. ಆದರೆ ಅವರಿಗೆ ಇವಿಷ್ಟೇ ಸಾಕು, ಸುಖದ ಮಾತು ಅವರದಲ್ಲ ಎಂದುಬಿಟ್ಟರೆ ಮತ್ತೊಂದು ಅನ್ಯಾಯ ಮಾಡಿದಂತೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ವ್ಯವಸ್ಥೆ ರೂಢಿಯಲ್ಲಿದೆ. ಮನಸ್ಸು ಮಾಡಿದರೆ ದುಡಿಮೆಯ ಹೊತ್ತನ್ನು ಸೂರ್ಯನಿಗೆ ತಕ್ಕಂತೆ ಹೊಂದಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಸೂರಿನ ಕೆಳಗೆ ಕೂತವರಿಗೆ ಒಪ್ಪಿದ ಈ ವಿವೇಕ ಬಯಲಿನಲ್ಲಿ ನಿಂತವರಿಗೆ ಇನ್ನೂ ಹೆಚ್ಚು ಒಪ್ಪಬೇಕು. ಮಧ್ಯಾಹ್ನದ ಬಿಡುವೂ ಬದುಕುವಷ್ಟು ಕೂಲಿಯೂ ಸಿಕ್ಕರೆ, ಮರದ ಕೆಳಗೆ ಕೂತ ಕೂಲಿಯವರು ಏನು ಹೆಣೆಯುತ್ತಾರೆ, ಏನು ಹಾಡುತ್ತಾರೆ, ಯಾವ ಆಟ ಹೂಡುತ್ತಾರೆ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಸುಖದ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ಅದು ನೇರವಾಗಿ ಬಿಡುವಿನ ಹಕ್ಕಿಗೆ ಬಂದು ಮುಟ್ಟುತ್ತದೆ.

ಎಲ್ಲವೂ ಅಂಗಡಿಯಲ್ಲಿ ಸಿಗುವಾಗ ಈ ಗೋಜೇಕೆ ಎಂಬುದು ಕೊನೆಯ ಆಕ್ಷೇಪ. ಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಮುಂಬೈನ ಏಳು ಮಂದಿ ಹೆಂಗಸರು 1959ರಲ್ಲಿ 80 ರೂಪಾಯಿ ಸಾಲದಿಂದ ಶುರುಮಾಡಿದ ಲಿಜ್ಜತ್ ಹಪ್ಪಳ, ಮನೆಯೊಳಗೆ ಬೆಲೆಯಿಲ್ಲದಿದ್ದ ಕೈಚಳಕಕ್ಕೆ ಕೂಲಿಯನ್ನೂ ಮಾನವನ್ನೂ ತಂದುಕೊಟ್ಟಿತು. ಅದು ದೊಡ್ಡ ಸಾಧನೆ. ಆದರೆ ಅಂಗಡಿಯಿಂದ ತಂದಾಗ ರುಚಿ ಸಿಗುತ್ತದೆ, ಮಾಡಿದ ಅನುಭವ ಸಿಗುವುದಿಲ್ಲ. ಅದರೊಂದಿಗೆ ಒಂದು ಬಗೆಯ ಗಮನವೂ ಕೈತಪ್ಪುತ್ತದೆ. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕುವವರಿಗೆ ಈ ಸಲ ಮಾವು ಯಾವಾಗ ಹೂಬಿಟ್ಟಿತು, ಮಿಡಿ ಎಷ್ಟು ಉದುರಿತು, ಹೊಳೆದಂಡೆಯ ಯಾವ ಮರ ಕಡಿದುಹೋಯಿತು ಎಂಬುದು ಗೊತ್ತಿರುತ್ತದೆ. ಜಾಡಿ ಕೊಂಡು ತರುವವರಿಗೆ ಬೆಲೆ ಏರಿದ್ದಷ್ಟೇ ಗೊತ್ತು. ಬೇಸಿಗೆಗಳು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಋತುವಿನ ಏರುಪೇರನ್ನು ಗುರುತಿಸುವ ಕಣ್ಣುಗಳು ಹೆಚ್ಚಬೇಕು. ಒಂದು ಮಡಕೆ, ಒಂದು ಹೂಮಾಲೆ ಹವಾಮಾನವನ್ನು ಸರಿಪಡಿಸಲಾರವು. ಆದರೆ ತಾನು ಗಮನಿಸಿದ್ದನ್ನು, ತನ್ನ ಕೈ ಆಡಿದ್ದನ್ನು ಮನುಷ್ಯ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಿಡಿಯ ರುಚಿ ಬಲ್ಲವರೇ ಮರ ಉಳಿಯಲಿ ಎಂದು ಜಗಳಕ್ಕೆ ನಿಲ್ಲುವುದು.

ಬೇಸಿಗೆಯ ಚಿಕ್ಕ ಸುಖವನ್ನು ಮನಶ್ಶಾಂತಿಯ ಉಪಾಯವೆಂದು ಮಾರುವವರು ಈಗ ಬೇಕಾದಷ್ಟಿದ್ದಾರೆ. ಎಲ್ಲ ನಮ್ಮ ಮನಸ್ಸಿನಲ್ಲೇ ಇದೆ ಎಂಬುದು ಅವರ ಬೋಧೆ. ನನ್ನ ವಾದ ಅದಕ್ಕೆ ಎದುರಾದದ್ದು. ಇಂಥ ಸುಖಕ್ಕೆ ಮನಸ್ಸೊಂದೇ ಸಾಲದು. ತಾರಸಿಯಲ್ಲಿ ನಾಲ್ಕು ಗಜ ಜಾಗ, ಬೀದಿಯಲ್ಲಿ ಒಂದು ಮರ, ನಲ್ಲಿಯಲ್ಲಿ ನೀರು, ದಿನದಲ್ಲಿ ಸ್ವಂತದ್ದೆನ್ನುವ ಎರಡು ಗಂಟೆ ಬೇಕು. ಬಟ್ಟೆ ಹರವಲೂ ಬಿಡದ ವಸತಿ ಸಮುಚ್ಚಯ, ರಜೆಯನ್ನೂ ಮುಂದಿನ ತರಗತಿಯ ಪಾಠದಿಂದ ತುಂಬಿಸುವ ಶಾಲೆ, ನೆರಳಿನ ಮರ ಕಡಿದು ಅಗಲಿಸಿದ ರಸ್ತೆ ಇವೆಲ್ಲ ಜನರ ಕೈಯಿಂದ ಸಣ್ಣ ಸೃಷ್ಟಿಯ ಅವಕಾಶವನ್ನು ಕಿತ್ತುಕೊಳ್ಳುತ್ತವೆ. ಅದು ನಷ್ಟವೆಂದು ಯಾವ ಲೆಕ್ಕಪತ್ರದಲ್ಲೂ ದಾಖಲಾಗದ ಕಾರಣ ನಾವು ಪ್ರತಿಭಟಿಸುವುದೂ ಇಲ್ಲ. ನಾಳೆ ಒಂದು ಹಿಡಿ ಸಂಡಿಗೆ ಇಡುವವರು, ಮಗುವಿಗೆ ಗೊರಟೆಯ ಪೀಪಿ ಮಾಡುವುದನ್ನು ಕಲಿಸುವವರು ತಮಗೆ ಸಿಕ್ಕ ಆನಂದವನ್ನು ಕ್ಷುಲ್ಲಕವೆಂದು ತಳ್ಳಿಹಾಕದೆ, ಇದಕ್ಕೆ ಬೇಕಾದ ಬಿಡುವು, ನೆರಳು, ಜಾಗ ಪಕ್ಕದವರಿಗೂ ಇದೆಯೇ ಎಂದು ಕೇಳಲಿ. ಆ ಪ್ರಶ್ನೆ ಎತ್ತಿದ ಕೂಡಲೇ ಅಡುಗೆಮನೆಯ ಸಣ್ಣ ಸುಖ ಊರಿನ ವಿಚಾರವಾಗುತ್ತದೆ. ಅದು ಹಾಗೆ ಆಗಲೇಬೇಕು.