ಮಡ್‌ಗಾರ್ಡ್ ನೋಡಿ

ಎರಡನೇ ಮಹಾಯುದ್ಧದ ಹಳೆಯ ಫೋಟೊ ಕೈಗೆ ಸಿಕ್ಕರೆ ಕಣ್ಣು ಮೊದಲು ಹೋಗುವುದು ಸೈನಿಕರ ಮುಖಗಳ ಕಡೆಗೆ. ಅದು ಯಾವ ಪಡೆಯ ಚಿತ್ರ ಎಂದು ತಿಳಿಯಬೇಕಾದರೆ ಮಾತ್ರ ಹಿಂದೆ ನಿಂತ ಲಾರಿಯ ಮಡ್‌ಗಾರ್ಡ್ ನೋಡಬೇಕು. ಅಡಿಬರಹ ಬರೆಯುವವರು ಊರು ತಪ್ಪಿಸಿ ಬರೆಯುತ್ತಾರೆ, ವರ್ಷವನ್ನೂ ತಪ್ಪಿಸುತ್ತಾರೆ. ಮಡ್‌ಗಾರ್ಡಿನ ಮೇಲೆ ಗುರುತು ಬರೆದ ಸಿಪಾಯಿಗೆ ಅಂಥ ಸಲಿಗೆ ಇರಲಿಲ್ಲ.

ಬ್ರಿಟಿಷ್ ಮತ್ತು ಭಾರತೀಯ ಪಡೆಗಳ ವಾಹನದಲ್ಲಿ ಒಂದು ಬದಿಗೆ ಡಿವಿಷನ್ನಿನ ಚಿಹ್ನೆ. 4ನೇ ಭಾರತೀಯ ಡಿವಿಷನ್ನಿಗೆ ಕೆಂಪು ಹದ್ದು, 5ನೆಯದಕ್ಕೆ ಕಪ್ಪಿನ ಮೇಲೆ ಕೆಂಪು ಚೆಂಡು, ಬರ್ಮಾದಲ್ಲಿ ಕಾದಿದ 17ನೆಯದಕ್ಕೆ ಕರಿಬೆಕ್ಕು. ಇನ್ನೊಂದು ಬದಿಗೆ ಬಣ್ಣದ ಚೌಕ, ಅದರಲ್ಲಿ ಬಿಳಿ ಅಂಕಿ. ಚೌಕದ ಮೇಲರ್ಧ ಕೆಂಪು, ಕೆಳಗರ್ಧ ನೀಲಿ ಇದ್ದರೆ ಅದು ಫಿರಂಗಿ ದಳದ್ದು. ಹಳದಿ ವೃತ್ತದೊಳಗಿನ ಅಂಕಿ ಸೇತುವೆ ಕಾಯುವವನಿಗಾಗಿ. ಗಾಡಿಯ ಭಾರದ ದರ್ಜೆಯನ್ನು ಅದು ಹೇಳುತ್ತದೆ. ನೋಂದಣಿ ಸಂಖ್ಯೆ ‘ಎಲ್’ ಎಂದು ಶುರುವಾದರೆ ಲಾರಿ, ‘ಟಿ’ ಆದರೆ ಟ್ಯಾಂಕ್, ‘ಸಿ’ ಆದರೆ ಮೋಟಾರ್ ಸೈಕಲ್.

ಇಷ್ಟೆಲ್ಲ ಚೆನ್ನಾಗಿ ಕಾಣುವ ಫೋಟೊ ಅಪರೂಪ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬಣ್ಣ ತಿಳಿಯುವುದಿಲ್ಲ, ಕಪ್ಪಾಗಿಯೇ ಮೂಡುತ್ತದೆ. ಅದರಲ್ಲಿ ತೆಗೆದರೆ 5ನೇ ಡಿವಿಷನ್ನಿನ ಕೆಂಪು ಚೆಂಡು ಮಾಯವಾಗಿ ಬರಿಯ ಕಪ್ಪು ಚೌಕ ಉಳಿದೀತು. ಸಾಲದ್ದಕ್ಕೆ ಸೆನ್ಸಾರಿನವರು ಎಷ್ಟೋ ಚಿತ್ರಗಳಲ್ಲಿ ಚಿಹ್ನೆಯನ್ನೇ ಕೆರೆದುಹಾಕಿದ್ದಾರೆ.

ಆಗ ವಾಹನದ ಮೈಕಟ್ಟೇ ಗತಿ. ಕೆನಡಾದಲ್ಲಿ ತಯಾರಾದ ಮೋಟುಮೂತಿಯ ಲಾರಿಗಳು ಭಾರತೀಯ ಸೇನೆಗೆ ಬೇಕಾದಷ್ಟು ಬಂದವು. ರೇಡಿಯೇಟರಿನ ಜಾಲರಿಯ ಕಣ್ಣು ಚೌಕಾಕಾರವಾದರೆ ಫೋರ್ಡ್, ವಜ್ರಾಕಾರವಾದರೆ ಷೆವರ್ಲೆ. ಮುಂದಿನ ಗಾಜಿನ ಮೇಲಂಚು ಮುಂದಕ್ಕೆ ಬಾಗಿದ್ದರೆ 1941ರಿಂದ ಈಚಿನ ಮಾದರಿ. ಬಿಸಿಲಿಗೆ ಗಾಜು ಹೊಳೆದು ವೈಮಾನಿಕರ ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡಿದ್ದು. ಷರ್ಮನ್ ಟ್ಯಾಂಕಿನ ಚಕ್ರಜೋಡಿಗಳ ನಡುವೆ ಅಂತರ ಹೆಚ್ಚಾಗಿ ಕಂಡರೆ ಅದು ಐದು ಕಾರ್ ಎಂಜಿನ್‌ಗಳನ್ನು ಒಂದಾಗಿ ಜೋಡಿಸಿದ ಎಂ4ಎ4. ಮೂವತ್ತು ಸಿಲಿಂಡರಿನ ಆ ಎಂಜಿನ್ ಹಿಡಿಸಲೆಂದೇ ಅದರ ಒಡಲನ್ನು ಉದ್ದ ಮಾಡಬೇಕಾಯಿತು. ಅದನ್ನು ರಿಪೇರಿ ಮಾಡಿದವರ ಪಾಡನ್ನು ದೇವರೇ ಬಲ್ಲ!

ಇಷ್ಟಾದರೂ ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು. ಉತ್ತರ ಆಫ್ರಿಕಾದಲ್ಲಿ ಜರ್ಮನ್ ಸೇನಾನಿ ರೊಮೆಲ್‌ನ ಪಡೆ ಬ್ರಿಟಿಷರಿಂದ ಕಿತ್ತುಕೊಂಡ ಲಾರಿಗಳಲ್ಲೇ ಓಡಾಡುತ್ತಿತ್ತು. ಗಾಡಿ ಬ್ರಿಟಿಷರದು, ಬಾಗಿಲ ಮೇಲೆ ಜರ್ಮನ್ ಶಿಲುಬೆ. ನೆಗೆಟಿವ್ ತಿರುಗುಮುರುಗಾಗಿ ಮುದ್ರಣವಾಗಿದ್ದರೆ ಬಲಗಡೆಯ ಸ್ಟಿಯರಿಂಗ್ ಎಡಕ್ಕೆ ಬಂದು ಕೂರುತ್ತದೆ. ಚಿಹ್ನೆ, ಮೈಕಟ್ಟು, ಅಂಕಿ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಹೆಸರು ಬರೆಯಬಹುದು.

ಸೈನ್ಯದಲ್ಲಿದ್ದ ಅಜ್ಜನ ಫೋಟೊ ನಿಮ್ಮ ಮನೆಯಲ್ಲಿದ್ದರೆ, ಫ್ರೇಮ್ ಹಾಕಿಸುವಾಗ ಅಂಚು ಕತ್ತರಿಸಲು ಬಿಡಬೇಡಿ. ಸ್ಕ್ಯಾನ್ ಮಾಡಿಸುವಾಗ ಹಿಂಬದಿಯನ್ನೂ ಸೇರಿಸಿ ಮಾಡಿಸಿ.