ಯಾರ ಮನೆಗೆ ಯಾರು ಬಂದರು?

ಆನ್‌ಲೈನ್ ವಿನ್ಯಾಸ ಸಮ್ಮೇಳನಗಳು ಶುರುವಾಗುವುದು ಒಂದು ನಗುಮುಖದ 'ಎಲ್ಲರಿಗೂ ಶುಭೋದಯ'ದಿಂದ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬೆಳಗಿನ 9 ಗಂಟೆ ಎಂದರೆ ನಮಗೆ ರಾತ್ರಿ 9.30. ಊಟದ ತಟ್ಟೆ ಇನ್ನೂ ಸಿಂಕಿನಲ್ಲಿರುತ್ತದೆ. ವಿನ್ಯಾಸದಲ್ಲಿ ಸಂಶೋಧನೆ ಮಾಡುವ ನನಗೆ ಇಂಥ ರಾತ್ರಿಯ ಶುಭೋದಯಗಳು ರೂಢಿಯಾಗಿವೆ. ಅದರ ಬೆನ್ನಿಗೇ ಬರುವ ಮಾತು ಮಾತ್ರ ಇನ್ನೂ ರೂಢಿಯಾಗಿಲ್ಲ: 'ನಮ್ಮಲ್ಲಿಗೆ ಬಂದಿದ್ದೀರಿ, ಸ್ವಾಗತ.' ನಾನು ಎಲ್ಲಿಗೆ ಬಂದೆ?

ಸ್ವಾಗತಿಸಲು ಒಂದು ಹೊಸ್ತಿಲು ಬೇಕು. ಬಿಸಿಲಲ್ಲಿ ಬಂದವರಿಗೆ ನೀರು, ಬೆಲ್ಲ ಕೊಡುವುದೆಂದರೆ ಅವರ ದಾರಿಯ ದಣಿವಿಗೆ ಮನೆಯವರು ಸ್ವಲ್ಪ ಹೆಗಲು ಕೊಟ್ಟಂತೆ. ಇಲ್ಲಿ ದಾರಿಯೇ ಇಲ್ಲ. ಕುರ್ಚಿ ನನ್ನದು, ಕರೆಂಟು ನನ್ನದು, ಡೇಟಾ ನನ್ನದು, ಚಹಾ ನಾನೇ ಮಾಡಿಕೊಳ್ಳಬೇಕು. ನಿಜಕ್ಕೂ ಒಳಗೆ ಬಂದವರು ಅವರು. ನನ್ನ ಕೋಣೆಗೆ, ಮಗ್ಗಲಲ್ಲಿ ಅಮ್ಮ ಮಲಗಿರುವ ಹೊತ್ತಿಗೆ. (ನೋಂದಣಿ ಶುಲ್ಕ ಕೊಟ್ಟವಳೂ ನಾನೇ.)

1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಕಾಂಟ್ ಆತಿಥ್ಯವನ್ನು ಔದಾರ್ಯ ಎನ್ನಲಿಲ್ಲ, ಹಕ್ಕು ಎಂದ. ಪರರ ನೆಲಕ್ಕೆ ಬಂದವನು ಸೌಜನ್ಯದಿಂದ ಇರುವವರೆಗೆ ಅವನನ್ನು ಶತ್ರುವಿನಂತೆ ಕಾಣಬಾರದು. ಆದರೆ ಅದು ಭೇಟಿಯ ಹಕ್ಕಷ್ಟೇ. ಯುರೋಪಿನ ವ್ಯಾಪಾರಿ ರಾಷ್ಟ್ರಗಳಿಗೆ ಭೇಟಿ ಎಂದರೆ ಗೆಲ್ಲುವುದೇ ಆಗಿಹೋಗಿದೆ ಎಂದು ಹೇಳುವಾಗ ಅವನು ಕೊಟ್ಟ ಉದಾಹರಣೆಗಳಲ್ಲಿ ಹಿಂದೂಸ್ತಾನವೂ ಒಂದು. ಬಂದವರಿಗೂ ಮಿತಿಯುಂಟು ಎಂಬ ಈ ಅರ್ಧ ಭಾಗವನ್ನು ನಾವು ಮರೆಯುತ್ತೇವೆ.

'ದಯವಿಟ್ಟು ಕ್ಯಾಮೆರಾ ಆನ್ ಮಾಡಿ' ಎಂಬ ಆತ್ಮೀಯ ವಿನಂತಿ ನನ್ನನ್ನು ಕಾಡುವುದು ಇದೇ ಕಾರಣಕ್ಕೆ. ಯೊಕೊಹಾಮಾದಲ್ಲಿ ಸೇರಬೇಕಿದ್ದ ಕೈ ಸಮ್ಮೇಳನ (ಮನುಷ್ಯ ಮತ್ತು ಕಂಪ್ಯೂಟರ್ ನಡುವಿನ ವ್ಯವಹಾರವನ್ನು ಅಧ್ಯಯನ ಮಾಡುವವರ ದೊಡ್ಡ ಕೂಟ) 2021ರ ಮೇ ತಿಂಗಳಲ್ಲಿ ಆನ್‌ಲೈನಿನಲ್ಲೇ ನಡೆಯಿತು. ಆ ವಾರ ಭಾರತದಲ್ಲಿ ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಹೊಸ ಕೋವಿಡ್ ಪ್ರಕರಣಗಳು ವರದಿಯಾಗುತ್ತಿದ್ದವು. ಅಂಥ ದಿನಗಳಲ್ಲಿ ಹೆಸರಷ್ಟೇ ಕಾಣುವ ಒಂದು ಕಪ್ಪು ಚೌಕದ ಹಿಂದೆ ಆಕ್ಸಿಜನ್ ಸಿಲಿಂಡರ್ ಇರಬಹುದಿತ್ತು, ಸಾವಿನ ಮನೆಯೇ ಇರಬಹುದಿತ್ತು. ನೆಂಟರು ಬಂದು 'ಒಳಕೋಣೆ ತೋರಿಸಿ' ಎನ್ನುತ್ತಾರೆಯೇ?

ಈಚೆಗೆ ಒಂದು ಸಮ್ಮೇಳನಕ್ಕೆ ಸ್ವಾಗತದ ಮಾತು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. 'ನಿಮ್ಮಲ್ಲಿ ಈಗ ಹಗಲೋ ರಾತ್ರಿಯೋ, ನಮಗೆ ಒಂದಿಷ್ಟು ಜಾಗ ಮಾಡಿಕೊಟ್ಟಿದ್ದೀರಿ' ಎಂದು ಶುರುಮಾಡಿದೆ. ಮುಖ ಕಾಣಿಸಬೇಕಿಲ್ಲ, ನಡುವೆ ಎದ್ದು ಹೋಗಬಹುದು ಎಂದೂ ಸೇರಿಸಿದೆ. ಇದು ಸ್ವಾಗತವಲ್ಲ, ಕ್ಷಮಾಪಣೆಯಂತಿದೆ ಎಂದರು ಸಂಘಟಕರಲ್ಲೊಬ್ಬರು. ಅಷ್ಟು ವಿನಯ ಇರಲಿ ಎಂದೇ ನನ್ನ ವಾದ.

ಹಾಗೆಂದು ಹಳೆಯ ಹೊಸ್ತಿಲನ್ನು ನೆನೆದು ಕಣ್ಣೀರಿಡಲಾರೆ. ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರಿಗೆ ಜಗಲಿ, ಯಾರಿಗೆ ನಡುಮನೆ ಎಂದು ಜಾತಿ ನೋಡಿ ತೀರ್ಮಾನಿಸಿದ ಹೊಸ್ತಿಲದು. ವಿಮಾನದ ಟಿಕೆಟ್ಟು, ವೀಸಾ ಎರಡೂ ಕೈಗೆಟುಕದ ರಾಯಚೂರಿನ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಪರದೆಯ ಮೇಲೆ ಆಕೆಯ ಚೌಕವೂ ದೊಡ್ಡ ಪ್ರಾಧ್ಯಾಪಕರ ಚೌಕವೂ ಒಂದೇ ಅಳತೆ. ಇದು ಸಣ್ಣ ಮಾತಲ್ಲ. ಆದರೆ ನೆಟ್‌ವರ್ಕ್ ಕೈಕೊಟ್ಟರೆ ಆಕೆ ಮತ್ತೆ ಹೊರಗೆ. ಒಳಗೆ ಬಿಡಲಿ ಎಂದು ಕಾಯಬೇಕು, ತನ್ನದೇ ಮನೆಯಲ್ಲಿ ಕೂತು.